ನೋವು ಎಲ್ಲಿದೆ, ಒಂದೇ ಬೆರಳಲ್ಲಿ ತೋರಿಸಿ

ಎಕ್ಸ್‌ರೇ ಕೋಣೆಗೆ ಬಂದವರಿಗೆ ನಾನು ಮೊದಲು ಹೇಳುವ ಮಾತು ಒಂದೇ. "ನೋವು ಎಲ್ಲಿದೆ, ಒಂದೇ ಬೆರಳಲ್ಲಿ ತೋರಿಸಿ." ಹೆಚ್ಚಿನವರು ಇಡೀ ಕೈ ಸವರಿ "ಇಲ್ಲೆಲ್ಲಾ" ಅನ್ನುತ್ತಾರೆ. "ಮುಟ್ಟಿದರೆ ಜೀವ ಹೋಗುವಷ್ಟು ನೋಯುವ ಜಾಗ ಯಾವುದು?" ಅಂತ ಮತ್ತೆ ಕೇಳುತ್ತೇನೆ. ಆಗ ಬೆರಳು ನಿಧಾನಕ್ಕೆ ಹುಡುಕಿಕೊಂಡು ಹೋಗಿ ಒಂದು ಕಡೆ ನಿಲ್ಲುತ್ತದೆ. ಅರ್ಧ ನಿಮಿಷದ ಕೆಲಸ. ಎಷ್ಟೇ ರಷ್ ಇದ್ದರೂ ಇದನ್ನು ಬಿಡುವುದಿಲ್ಲ. ಒಮ್ಮೆ ಬಿಟ್ಟಿದ್ದೆ, ಅದರಿಂದ ಒಬ್ಬ ಹುಡುಗನ ಕೈ ಹಾಳಾಯಿತು.

ನಾನು ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ, ಮೂಳೆ ಡಾಕ್ಟರ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ಟೆಕ್ನಿಷಿಯನ್. ಕೆಲಸಕ್ಕೆ ಸೇರಿದ ಕಾಲದಲ್ಲಿ ಡಾರ್ಕ್ ರೂಮ್ ಇತ್ತು. ಕೆಂಪು ಬಲ್ಬಿನ ಬೆಳಕಲ್ಲಿ ಫಿಲಮ್ಮನ್ನು ಡೆವಲಪರ್‌ನಲ್ಲಿ ಅದ್ದಿ, ತೊಳೆದು, ಫಿಕ್ಸರ್‌ಗೆ ಹಾಕಿ, ಕ್ಲಿಪ್ಪಿಗೆ ಸಿಕ್ಕಿಸಿ ನೇತು ಹಾಕುತ್ತಿದ್ದೆವು. ಮಲೆನಾಡಿನ ಮಳೆಗಾಲದಲ್ಲಿ ಅದು ಬೇಗ ಒಣಗುತ್ತಲೂ ಇರಲಿಲ್ಲ. ಈಗ ಚಿತ್ರ ಕಂಪ್ಯೂಟರಿಗೆ ಬರುತ್ತದೆ, ಕಪ್ಪು ಬಿಳುಪನ್ನು ಅಲ್ಲೇ ಸರಿ ಮಾಡಿಕೊಳ್ಳಬಹುದು. ಆದರೆ ಕೈಯನ್ನು ಹೇಗೆ ಇಡಬೇಕು, ಎಷ್ಟು ತಿರುಗಿಸಬೇಕು ಅನ್ನುವ ಕೆಲಸವನ್ನು ಯಾವ ಕಂಪ್ಯೂಟರೂ ನನಗಾಗಿ ಮಾಡಿಕೊಡುವುದಿಲ್ಲ.

ಆ ಹುಡುಗ ಬಂದದ್ದು ನಾನು ಬೇರೊಂದು ಕಡೆ ಕೆಲಸದಲ್ಲಿದ್ದಾಗ. ಬೈಕ್ ಜಾರಿ ಬಿದ್ದಿದ್ದ. ಬೀಳುವಾಗ ಎಲ್ಲರೂ ಮಾಡುವ ಹಾಗೆ ಅಂಗೈ ಊರಿದ್ದ. ಚೀಟಿಯಲ್ಲಿ ಮಣಿಕಟ್ಟು, ಎರಡು ಚಿತ್ರ ಅಂತ ಬರೆದಿತ್ತು. ಹೊರಗೆ ಸಾಲು ದೊಡ್ಡದಿತ್ತು. ನಾನು ಏನೂ ಕೇಳದೆ ಎರಡು ತೆಗೆದೆ. ಚಿತ್ರದಲ್ಲಿ ಏನೂ ಇರಲಿಲ್ಲ. "ಉಳುಕಿದೆ ಅಷ್ಟೇ" ಅಂತ ಕ್ರೇಪ್ ಬ್ಯಾಂಡೇಜ್ ಸುತ್ತಿ, ನೋವಿನ ಮಾತ್ರೆ ಕೊಟ್ಟು ಕಳಿಸಿದರು. ನಾಲ್ಕು ತಿಂಗಳಾದ ಮೇಲೆ ಮತ್ತೆ ಬಂದ. ಬೈಕಿನ ಕ್ಲಚ್ ಹಿಡಿಯೋಕೆ ಆಗುತ್ತಿಲ್ಲ ಅಂದ. ಈ ಸಲ ಚಿತ್ರದಲ್ಲಿ ಬಿರುಕು ಎದ್ದು ಕಾಣುತ್ತಿತ್ತು. ಮುರಿದ ಎರಡು ತುಂಡುಗಳು ಕೂಡಿಕೊಂಡೇ ಇರಲಿಲ್ಲ. ಅವನು ದೊಡ್ಡ ಊರಿಗೆ ಹೋಗಿ, ಸೊಂಟದಿಂದ ಮೂಳೆ ತೆಗೆದು ಕೈಗೆ ಇಡಿಸಿಕೊಂಡು, ಸ್ಕ್ರೂ ಹಾಕಿಸಿಕೊಳ್ಳಬೇಕಾಯಿತು. ಹೆಬ್ಬೆರಳಿನ ಬುಡದಲ್ಲಿ ಬೆರಳಿಟ್ಟು "ಮೊದಲ ದಿನದಿಂದಲೂ ಇಲ್ಲೇ ನೋವು ಅಣ್ಣಾ" ಅಂದಿದ್ದ. ನಾನು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ.

ಆ ಮೂಳೆಯ ಹೆಸರು ಸ್ಕೇಫಾಯ್ಡ್. ದೋಣಿಯ ಆಕಾರದ ಚಿಕ್ಕ ಮೂಳೆ. ಹೆಬ್ಬೆರಳನ್ನು ಮೇಲಕ್ಕೆ ಎತ್ತಿ ಹಿಡಿದರೆ ಅದರ ಬುಡದಲ್ಲಿ ಎರಡು ನರಗಳ ಹಾಗೆ ಕಾಣುವ ದಾರಗಳ ನಡುವೆ ಒಂದು ಗುಂಡಿ ಬೀಳುತ್ತದೆ. ಹಿಂದಿನವರು ನಶ್ಯ ಇಟ್ಟುಕೊಳ್ಳುತ್ತಿದ್ದ ಗುಂಡಿ ಅದೇ. ಡಾಕ್ಟರುಗಳ ಪುಸ್ತಕದಲ್ಲೂ ಅದಕ್ಕೆ ನಶ್ಯದ ಡಬ್ಬಿ ಅನ್ನುವ ಹೆಸರೇ ಇದೆ. ಬಿದ್ದ ಮೇಲೆ ಅಲ್ಲಿ ಒತ್ತಿದಾಗ ನೋವಾದರೆ, ಚಿತ್ರ ಎಷ್ಟೇ ಚೆನ್ನಾಗಿದ್ದರೂ ನಂಬಬಾರದು. ಈ ಮೂಳೆಗೆ ರಕ್ತ ಹೆಚ್ಚಾಗಿ ಬೆರಳಿನ ಕಡೆಯ ತುದಿಯಿಂದ ಒಳಗೆ ಬಂದು ಹಿಂದಕ್ಕೆ ಹರಿಯುತ್ತದೆ. ನಡುವೆ ಮುರಿದರೆ ಹಿಂದಿನ ತುಂಡಿಗೆ ರಕ್ತ ಸಿಗುವುದು ಕಷ್ಟ. ಅದಕ್ಕೇ ಅದು ಕೂಡಲು ತಡ ಮಾಡುತ್ತದೆ, ಕೆಲವೊಮ್ಮೆ ಕೂಡುವುದೇ ಇಲ್ಲ.

ಈಗ ಬೆರಳು ಆ ಗುಂಡಿಯಲ್ಲಿ ನಿಂತರೆ ಡಾಕ್ಟರಿಗೆ ಹೇಳಿ, ಎರಡರ ಜೊತೆ ಇನ್ನೊಂದು ಚಿತ್ರ ತೆಗೆಯುತ್ತೇನೆ. ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಬಾಗಿಸಿ ಹಿಡಿಸುತ್ತೇನೆ. ಆಗ ಮಡಿಸಿಕೊಂಡು ಕೂತಿರುವ ಆ ಮೂಳೆ ಉದ್ದಕ್ಕೆ ತೆರೆದುಕೊಳ್ಳುತ್ತದೆ. ಅದರಲ್ಲೂ ಕಾಣದಿದ್ದರೆ ನಮ್ಮ ಡಾಕ್ಟರು ಹೆಬ್ಬೆರಳು ಸೇರಿಸಿ ಪಟ್ಟಿ ಹಾಕಿ, 10ರಿಂದ 14 ದಿನ ಬಿಟ್ಟು ಮತ್ತೆ ಕರೆಸುತ್ತಾರೆ. ಅಷ್ಟು ದಿನಕ್ಕೆ ಬಿರುಕಿನ ಅಂಚು ಸ್ವಲ್ಪ ಕರಗಿ, ಗೆರೆ ಕಾಣಿಸಿಕೊಳ್ಳುತ್ತದೆ. ಬೇಗ ತಿಳಿಯಲೇಬೇಕು ಅಂದರೆ ಎಂಆರ್‌ಐ ಇದೆ. ಎರಡನೇ ಸಲ ಬರಹೇಳಿದರೆ ಕೆಲವರಿಗೆ ಸಿಟ್ಟು. "ಮೊದಲೇ ಸರಿ ತೆಗೆದಿಲ್ವಾ?" ಅಂತಾರೆ. ಅವರನ್ನು ಕೂರಿಸಿ ಇಷ್ಟನ್ನೂ ವಿವರಿಸುತ್ತೇನೆ. ಕಾರಣ ಗೊತ್ತಾದರೆ ಜನ ಬರುತ್ತಾರೆ.

ಚಿತ್ರ ತೆಗೆಯುವ ಮೊದಲು ಮೈಮೇಲೆ ಏನಿದೆ ಅಂತ ನೋಡಬೇಕು. ಸೊಂಟದ ಎಕ್ಸ್‌ರೇಯಲ್ಲಿ ಬೆಳ್ಳಿ ಉಡಿದಾರ, ಭುಜದ್ದರಲ್ಲಿ ತಾಯತ, ಕುತ್ತಿಗೆಯದ್ದರಲ್ಲಿ ಸರ, ಎಲ್ಲವೂ ಬೆಳ್ಳಗೆ ಅಡ್ಡ ಬರುತ್ತವೆ. ಹರಕೆಯ ತಾಯತ ಬಿಚ್ಚುವುದಕ್ಕೆ ಹಿರಿಯರಿಗೆ ಮನಸ್ಸು ಬರುವುದಿಲ್ಲ. ಅವಸರ ಮಾಡದೆ, ಅವರ ಮನೆಯವರ ಕೈಯಲ್ಲೇ ಬಿಚ್ಚಿಸಿ ಅವರ ಕೈಗೇ ಕೊಡಿಸುತ್ತೇನೆ. ಬಳೆ ಮತ್ತು ಉಂಗುರದ ವಿಷಯ ಮಾತ್ರ ಮನೆಯಲ್ಲೇ ಆಗಬೇಕು. ಕೈಗೆ ಪೆಟ್ಟು ಬಿದ್ದ ಕೂಡಲೇ, ಊತ ಬರುವ ಮೊದಲೇ ತೆಗೆದುಬಿಡಿ. ಊದಿದ ಬೆರಳಲ್ಲಿ ಉಂಗುರ ಸಿಕ್ಕಿಕೊಂಡರೆ ಕತ್ತರಿಸಬೇಕಾಗುತ್ತದೆ. ಇನ್ನೊಂದು ಮಾತು, ಪೆಟ್ಟು ಬಿದ್ದ ಜಾಗಕ್ಕೆ ಎಣ್ಣೆ ಹಚ್ಚಿ ನೀವಬೇಡಿ. ಪ್ರೀತಿಯಿಂದಲೇ ನೀವಿರುತ್ತಾರೆ, ಆದರೆ ಸುಮ್ನೆ ಬಿರುಕು ಬಿಟ್ಟಿದ್ದ ಮೂಳೆ ಅದರಿಂದ ಜರುಗಿಬಿಡಬಹುದು.

ನಮ್ಮ ಕಡೆ ಅಡಿಕೆ ಮರದಿಂದ ಬೀಳುವವರು ಜಾಸ್ತಿ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವಾಗ ಮರ ಪಾಚಿ ಹಿಡಿದು ಜಾರುತ್ತದೆ. ಆಮೇಲೆ ಅಡಿಕೆ ಗೊನೆ ಕೊಯ್ಲಿನ ಕಾಲ. ಕಾಲೂರಿ ಬಿದ್ದವರಿಗೆ ಹಿಮ್ಮಡಿ ಮೂಳೆ ಒಡೆಯುತ್ತದೆ. ನೋವು ಹಿಮ್ಮಡಿಯಲ್ಲೇ ಇರುವುದರಿಂದ ಅವರು ಅದನ್ನೇ ತೋರಿಸುತ್ತಾರೆ. ಇಲ್ಲಿ ನನ್ನ ಒಂದು ಬೆರಳಿನ ಪ್ರಶ್ನೆ ಸಾಲುವುದಿಲ್ಲ. ಹಿಮ್ಮಡಿಗೆ ಬಿದ್ದ ಪೆಟ್ಟು ಕಾಲಿನಗುಂಟ ಮೇಲೆ ಹೋಗಿ ಬೆನ್ನುಮೂಳೆಯನ್ನೂ ಜಜ್ಜಿರಬಹುದು. ಹಿಮ್ಮಡಿ ಒಡೆದುಕೊಂಡ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ಬೆನ್ನಿನ ಮೂಳೆಯೂ ಮುರಿದಿರುತ್ತದೆ ಅನ್ನುವುದು ಮೂಳೆ ಡಾಕ್ಟರುಗಳಲ್ಲಿ ಎಲ್ಲರಿಗೂ ಗೊತ್ತಿರುವ ಲೆಕ್ಕ. ಅದಕ್ಕೆ ಎತ್ತರದಿಂದ ಬಿದ್ದವರನ್ನು ನಾನು ಎದ್ದು ಕೂರಿಸುವುದಿಲ್ಲ. ಮಲಗಿದಲ್ಲೇ ಇಟ್ಟು, ಕಾಲು ಜುಮ್ ಅನ್ನುತ್ತಾ, ಬೆರಳು ಆಡಿಸೋಕಾಗುತ್ತಾ, ಮೂತ್ರ ಹೋಗಿದೆಯಾ ಅಂತ ಕೇಳಿ ಡಾಕ್ಟರನ್ನು ಕರೆಯುತ್ತೇನೆ. ತಿರುಗಿಸಲೇಬೇಕಾದರೆ ಮೂರ್ನಾಲ್ಕು ಜನ ಸೇರಿ ಮೈಯನ್ನು ಮರದ ದಿಮ್ಮಿಯ ಹಾಗೆ ಒಟ್ಟಿಗೇ ಉರುಳಿಸುತ್ತೇವೆ. ತೋಟದಿಂದ ಹೆಗಲ ಮೇಲೆ ಹೊತ್ತು, ಆಟೋದಲ್ಲಿ ಕೂರಿಸಿಕೊಂಡು ಕರೆತರುವುದನ್ನು ನೋಡಿದಾಗ ಎದೆ ಝಲ್ ಅನ್ನುತ್ತದೆ. ಒಂದು ಹಲಗೆಯೋ ಬಾಗಿಲೋ ಸಿಕ್ಕರೆ ಅದರ ಮೇಲೆ ಮಲಗಿಸಿ ತನ್ನಿ. ಆಂಬುಲೆನ್ಸ್‌ಗೆ 108 ಇದೆ.

ವಯಸ್ಸಾದವರದು ಬೇರೆ ಕಥೆ. ಬಚ್ಚಲಲ್ಲಿ ಜಾರಿದ ಒಬ್ಬ ಅಜ್ಜಿಯ ಸೊಂಟದ ಚಿತ್ರ ಸರಿಯಾಗಿತ್ತು. ಮಗ ಖುಷಿಯಿಂದ ಮನೆಗೆ ಹೊರಟಿದ್ದ. ಆದರೆ ಅಜ್ಜಿ ಕಾಲೂರಲು ಒಪ್ಪುತ್ತಲೇ ಇರಲಿಲ್ಲ, ತೊಡೆಸಂದಿಗೆ ಬೆರಳಿಟ್ಟು ಅಳುತ್ತಿದ್ದರು. ನಮ್ಮ ಡಾಕ್ಟರು ಶಿವಮೊಗ್ಗಕ್ಕೆ ಎಂಆರ್‌ಐಗೆ ಕಳಿಸಿದರು. ತೊಡೆ ಮೂಳೆಯ ಕುತ್ತಿಗೆಯಲ್ಲಿ ಬಿರುಕು ಇತ್ತು. ಜರುಗುವ ಮೊದಲೇ ಸ್ಕ್ರೂ ಹಾಕಿದ್ದರಿಂದ ಅವರು ಮತ್ತೆ ನಡೆದರು. ಇಂಥ ಕಡೆ ಎಂಆರ್‌ಐಗೆ ಕೊಟ್ಟ ದುಡ್ಡು ಸಾರ್ಥಕ. ಆದರೆ ಕಾಲಿನ ಹರಡು ಉಳುಕಿದ ಪ್ರತಿಯೊಬ್ಬರೂ "ನನಗೂ ಸ್ಕ್ಯಾನಿಂಗ್ ಬರೆದುಕೊಡಿ" ಅಂದರೆ ಅದು ದಂಡ. ಹರಡಿನ ಎರಡೂ ಕಡೆಯ ಉಬ್ಬುಮೂಳೆಗಳ ಹಿಂಬದಿ ಒತ್ತಿದಾಗ ನೋವಿಲ್ಲ, ಪಾದದ ಮೂಳೆಯಲ್ಲೂ ನೋವಿಲ್ಲ, ನಾಲ್ಕು ಹೆಜ್ಜೆ ನಡೆಯೋಕಾಗುತ್ತದೆ ಅಂದರೆ ನಮ್ಮ ಡಾಕ್ಟರು ಎಕ್ಸ್‌ರೇಯನ್ನೂ ಬರೆಯುವುದಿಲ್ಲ.

ಮಕ್ಕಳ ಮೊಣಕೈ ನನಗೆ ಈಗಲೂ ಸವಾಲು. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಮೆದು ಭಾಗ ಇರುತ್ತದೆ. ಅದು ಚಿತ್ರದಲ್ಲಿ ಕಪ್ಪು ಗೆರೆಯಾಗಿ ಕಾಣುತ್ತದೆ, ಬಿರುಕೇ ಅನ್ನಿಸುತ್ತದೆ. ಅನುಮಾನ ಬಂದಾಗ ಡಾಕ್ಟರು ಹೇಳಿದರೆ ಪೆಟ್ಟಾಗದ ಕೈಯದೂ ಒಂದು ಚಿತ್ರ ತೆಗೆದು ಪಕ್ಕಪಕ್ಕ ಇಟ್ಟು ನೋಡುತ್ತಾರೆ. "ಆ ಕೈಗೆ ಯಾಕೆ?" ಅಂತ ತಾಯಂದಿರು ಗಾಬರಿಯಾಗುತ್ತಾರೆ, ಅದು ಸಹಜ. ಕೈಯ ಒಂದು ಎಕ್ಸ್‌ರೇಯಲ್ಲಿ ಮೈಗೆ ತಾಗುವ ಕಿರಣ, ನೆಲ ಮತ್ತು ಆಕಾಶದಿಂದ ದಿನವೂ ನಮ್ಮ ಮೇಲೆ ಬೀಳುವುದಕ್ಕಿಂತ ಕಡಿಮೆ. ಸೊಂಟದ ಬೆನ್ನುಮೂಳೆಯದು ಹಾಗಲ್ಲ, ಅದು ಕೆಲವು ತಿಂಗಳ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ, ಹೊಟ್ಟೆಯಲ್ಲಿ ಮಗು ಇರಬಹುದಾ ಅಂತ ತಿಳಿಯೋಕೆ, ಹೆಣ್ಣುಮಕ್ಕಳನ್ನು "ಮುಟ್ಟು ಯಾವಾಗ ಆಗಿತ್ತು?" ಅಂತ ಕೇಳುವುದು. ಸಂಕೋಚ ಪಡದೆ ಹೇಳಿ. ನಾನೂ ಎದೆಯ ಮೇಲೆ ಟಿಎಲ್‌ಡಿ ಬ್ಯಾಡ್ಜ್ ಹಾಕಿಕೊಂಡೇ ಕೆಲಸ ಮಾಡುವುದು. ಮೂರು ತಿಂಗಳಿಗೊಮ್ಮೆ ಅದನ್ನು ಕಳಿಸಿ, ನನಗೆ ಎಷ್ಟು ಕಿರಣ ತಾಗಿದೆ ಅಂತ ಅಳೆಸುತ್ತಾರೆ.

ಪ್ಲಾಸ್ಟರ್ ಹಾಕಿಸಿಕೊಂಡು ಹೋಗುವವರಿಗೆ ಬಾಗಿಲಲ್ಲಿ ನಿಲ್ಲಿಸಿ ಒಂದೇ ಮಾತು ಹೇಳುತ್ತೇನೆ. ಬೆರಳು ನೀಲಿಯಾದರೆ, ಮರಗಟ್ಟಿದರೆ, ಮಾತ್ರೆ ತಿಂದರೂ ನೋವು ಏರುತ್ತಲೇ ಇದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿ ಎಷ್ಟು ಹೊತ್ತಾದರೂ ಬನ್ನಿ. ನಾಟಿ ಪಟ್ಟು ಕಟ್ಟಿಸಿಕೊಂಡವರಿಗೂ ಇದೇ ಮಾತು. ಬಿಗಿ ಕಟ್ಟಿನೊಳಗೆ ಕೆಲವೇ ಗಂಟೆಗಳಲ್ಲಿ ಮಾಂಸ ಸಾಯುತ್ತದೆ.

ಹೋದ ಮಳೆಗಾಲದಲ್ಲಿ ಬಸ್ ಇಳಿಯುವಾಗ ಬಿದ್ದ ಒಬ್ಬ ಟೀಚರ್ ಬಂದಿದ್ದರು. ಬೆರಳು ನೇರ ನಶ್ಯದ ಗುಂಡಿಗೇ ಹೋಯಿತು. ಮೂರು ಚಿತ್ರದಲ್ಲೂ ಏನಿಲ್ಲ. ಪಟ್ಟಿ ಹಾಕಿ ಕಳಿಸಿದೆವು. ಹನ್ನೆರಡನೇ ದಿನ ಮತ್ತೆ ಬಂದರು. ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಬಾಗಿಸಿ ತೆಗೆದೆ. ಪರದೆಯ ಮೇಲೆ, ದೋಣಿಯ ನಡುವೆ, ಕೂದಲೆಳೆಯಷ್ಟು ತೆಳ್ಳಗೆ ಗೆರೆ ಇತ್ತು. ಡಾಕ್ಟರು ಒಳಗೆ ಬಂದು ನೋಡಿ, ಪ್ಲಾಸ್ಟರಿಗೆ ನೀರು ಬಿಸಿ ಮಾಡಲು ಹೇಳಿದರು.