ಆ್ಯಪ್ ಓಪನ್ ಆಗುತ್ತೆ, ಒಳಗೆ ಏನೂ ಕಾಣಲ್ವಾ? ಅನ್‌ಇನ್‌ಸ್ಟಾಲ್‌ಗೆ ಮುಂಚೆ ಇಷ್ಟು ಮಾಡಿ

ಡಬಲ್ ಕ್ಲಿಕ್ ಮಾಡ್ತೀರ, ವಿಂಡೋ ಬರುತ್ತೆ, ಮೇಲೆ ಆ್ಯಪ್ ಹೆಸರೂ ಇರುತ್ತೆ, ಒಳಗೆ ಮಾತ್ರ ಬರೀ ಬಿಳಿ ಇಲ್ಲಾಂದ್ರೆ ಪೂರ್ತಿ ಕಪ್ಪು. ತಕ್ಷಣ ಎಲ್ರೂ ಮಾಡೋದು ಅನ್‌ಇನ್‌ಸ್ಟಾಲ್, ಮತ್ತೆ ಹಾಕಿದ್ಮೇಲೂ ಅದೇ ಬಿಳಿ. ಯಾಕಂದ್ರೆ ತೆಗೆದಾಗ ಹೋಗೋದು ಪ್ರೋಗ್ರಾಂ ಮಾತ್ರ, ಅದು ಬೇರೆ ಫೋಲ್ಡರ್‌ನಲ್ಲಿ ಇಟ್ಕೊಂಡಿರೋ ಕ್ಯಾಶೆ (ಬೇಗ ತೆರೆಯೋಕೆ ಉಳಿಸಿಟ್ಟ ತಾತ್ಕಾಲಿಕ ಫೈಲ್‌ಗಳು), ಸೆಟ್ಟಿಂಗ್ಸ್ ಸಾಮಾನ್ಯವಾಗಿ ಹಾಗೇ ಉಳಿದಿರುತ್ತೆ, ಕೆಟ್ಟಿರೋದು ಅದೇ ಆಗಿದ್ರೆ ಎಷ್ಟು ಸಲ ಹಾಕಿದ್ರೂ ಅಷ್ಟೇ.

ವಿಎಸ್ ಕೋಡ್, ಸ್ಲ್ಯಾಕ್, ಡಿಸ್ಕಾರ್ಡ್ ಥರದ ಎಷ್ಟೋ ಆ್ಯಪ್‌ಗಳು ವೆಬ್‌ಪೇಜ್ ಥರ ಬರೆದಿದ್ದನ್ನ ಕಂಪ್ಯೂಟರ್ ಆ್ಯಪ್ ಮಾಡೋ ಎಲೆಕ್ಟ್ರಾನ್ ಅನ್ನೋ ಟೂಲ್ ಮೇಲೆ ಮಾಡಿರೋವು, 2013ರಲ್ಲಿ ಗಿಟ್‌ಹಬ್‌ನೋರು ತಮ್ಮ ಆಟಮ್ ಎಡಿಟರ್‌ಗೋಸ್ಕರ ಶುರು ಮಾಡಿದ್ದು ಅದು. ಅಂದ್ರೆ ಒಳಗೆ ಕೂತಿರೋದು ಗೂಗಲ್ ಕ್ರೋಮ್‌ಗೆ ಮೂಲವಾದ ಕ್ರೋಮಿಯಂ ಬ್ರೌಸರ್. ಹೊರಗಿನ ವಿಂಡೋ ಬಂದು ಒಳಗಿನ ಪೇಜ್ ಬರ್ಲಿಲ್ಲ ಅಂದ್ರೆ ತೊಂದರೆ ಹೆಚ್ಚಾಗಿ ಈ ಬ್ರೌಸರ್ ಕಡೆಯದ್ದೇ.

ಮೊದಲು ಸುಲಭದ್ದು. ಖಾಲಿ ವಿಂಡೋ ಮೇಲೆ ಒಂದ್ಸಲ ಕ್ಲಿಕ್ ಮಾಡಿ ಕಂಟ್ರೋಲ್ ಆರ್ ಒತ್ತಿ, ಕೆಲವು ಆ್ಯಪ್‌ನಲ್ಲಿ ಪೇಜ್ ರೀಲೋಡ್ ಆಗುತ್ತೆ. ಆಗ್ಲಿಲ್ವಾ, ಕಂಟ್ರೋಲ್ ಶಿಫ್ಟ್ ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆದು ಆ ಹೆಸರಿನ ಪ್ರೋಸೆಸ್ ಎಷ್ಟಿದ್ಯೋ ಅಷ್ಟನ್ನೂ ಎಂಡ್ ಮಾಡಿ, ವಿಂಡೋ ಕ್ಲೋಸ್ ಮಾಡಿದ್ರೂ ಹಿಂದೆ ಓಡ್ತಾನೇ ಇರ್ತವೆ ಇವು.

ಆಮೇಲೆ ಗ್ರಾಫಿಕ್ಸ್, ನನ್ನ ಅನುಮಾನ ಮೊದಲು ಹೋಗೋದೇ ಇದರ ಮೇಲೆ, ಅದ್ರಲ್ಲೂ ಗ್ರಾಫಿಕ್ಸ್ ಡ್ರೈವರ್ (ಸ್ಕ್ರೀನ್ ಮೇಲೆ ಚಿತ್ರ ಮೂಡಿಸೋ ಚಿಪ್‌ನ ನಡೆಸೋ ಸಾಫ್ಟ್‌ವೇರ್) ಅಪ್‌ಡೇಟ್ ಆದ್ಮೇಲೆ ಶುರುವಾಗಿದ್ರೆ. ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕೂ ಒಟ್ಟಿಗೆ ಒತ್ತಿದ್ರೆ ಗ್ರಾಫಿಕ್ಸ್ ಡ್ರೈವರ್ ರೀಸ್ಟಾರ್ಟ್ ಆಗುತ್ತೆ, ಸ್ಕ್ರೀನ್ ಒಂದು ಕ್ಷಣ ಕಪ್ಪಾಗುತ್ತೆ, ಗಾಬರಿ ಬೇಡ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋಗಿ, ಟಾರ್ಗೆಟ್ ಬಾಕ್ಸ್‌ನ ಕೊನೆಗೆ, ಕೊಟೇಶನ್ ಮಾರ್ಕ್ ಇದ್ರೆ ಅದರ ಆಚೆಗೆ, ಒಂದು ಸ್ಪೇಸ್ ಬಿಟ್ಟು ಎರಡು ಹೈಫನ್, ಡಿಸೇಬಲ್, ಒಂದು ಹೈಫನ್, ಜಿಪಿಯು ಅಂತ ಸೇರಿಸಿ ಟೈಪ್ ಮಾಡಿ, ಎಲ್ಲಾ ಇಂಗ್ಲಿಷ್ ಸಣ್ಣ ಅಕ್ಷರ. ವಿಎಸ್ ಕೋಡ್‌ನಲ್ಲಿ ಇದು ನಡೆಯುತ್ತೆ, ಎಲ್ಲದ್ರಲ್ಲೂ ನಡೆಯಲ್ಲ. ಪೇಜ್ ಕಂಡ್ರೆ ಕಳ್ಳ ಸಿಕ್ಕಿಬಿದ್ದ ಅಂತ ಅರ್ಥ, ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ವೇರ್ ಆಕ್ಸಲರೇಶನ್ (ಚಿತ್ರ ಮೂಡಿಸೋ ಕೆಲಸ ಗ್ರಾಫಿಕ್ಸ್ ಚಿಪ್‌ಗೆ ಕೊಡೋದು) ಆಫ್ ಮಾಡಿಡಿ, ಡ್ರೈವರ್ ಸರಿ ಮಾಡ್ಕೊಂಡ್ಮೇಲೆ ಮತ್ತೆ ಆನ್ ಮಾಡಿ ನೋಡಬಹುದು.

ಇನ್ನೂ ಖಾಲಿನಾ? ಆ್ಯಪ್ ಪೂರ್ತಿ ನಿಲ್ಸಿ, ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎರಡು ಪರ್ಸೆಂಟ್ ಚಿಹ್ನೆ ಮಧ್ಯೆ ಆ್ಯಪ್‌ಡೇಟಾ ಅಂತ ಇಂಗ್ಲಿಷ್‌ನಲ್ಲಿ ಹಾಕಿ ಎಂಟರ್ ಕೊಡಿ. ಮ್ಯಾಕ್‌ನಲ್ಲಾದ್ರೆ ಲೈಬ್ರರಿ ಒಳಗಿನ ಅಪ್ಲಿಕೇಶನ್ ಸಪೋರ್ಟ್, ಲಿನಕ್ಸ್‌ನಲ್ಲಿ ಹೋಮ್ ಒಳಗಿನ ಡಾಟ್ ಕಾನ್ಫಿಗ್. ಆ್ಯಪ್ ಫೋಲ್ಡರ್ ಒಳಗೆ ಕ್ಯಾಶೆ, ಕೋಡ್ ಕ್ಯಾಶೆ, ಜಿಪಿಯು ಕ್ಯಾಶೆ ಅಂತ ಇರ್ತವೆ, ಇವನ್ನ ಡಿಲೀಟ್ ಮಾಡಿದ್ರೆ ನಷ್ಟ ಇಲ್ಲ, ತಾನಾಗೇ ಹೊಸದಾಗಿ ಆಗ್ತವೆ. ಆದ್ರೆ ಇಡೀ ಫೋಲ್ಡರ್‌ಗೆ ಕೈ ಹಾಕೋದಾದ್ರೆ ದಯವಿಟ್ಟು ಡಿಲೀಟ್ ಬೇಡ, ಹೆಸರು ಬದಲಾಯಿಸಿ ಪಕ್ಕಕ್ಕಿಡಿ, ಸಿಂಕ್ ಆಗದೇ ಇರೋ ಡ್ರಾಫ್ಟ್, ನೋಟ್ಸ್ ಏನಾದ್ರೂ ಇದ್ರೆ ಅದ್ರೊಳಗೇ ಇರುತ್ತೆ.

ಹೊಸ ಟೀಮ್ಸ್, ಹೊಸ ಔಟ್‌ಲುಕ್ ಥರದವು ಸ್ವಂತ ಬ್ರೌಸರ್ ಇಟ್ಕೊಂಡಿರಲ್ಲ, ವಿಂಡೋಸ್‌ನ ಎಡ್ಜ್ ವೆಬ್‌ವ್ಯೂ2 (ಬೇರೆ ಆ್ಯಪ್‌ಗಳ ಒಳಗೆ ಪೇಜ್ ತೋರಿಸೋ ಎಡ್ಜ್ ಬ್ರೌಸರ್‌ನ ಭಾಗ) ಬಳಸ್ತವೆ. ಹೀಗಾಗಿ ಎರಡು ಮೂರು ಆ್ಯಪ್ ಒಟ್ಟಿಗೇ ಖಾಲಿಯಾದ್ರೆ ವಿಂಡೋಸ್ ಸೆಟ್ಟಿಂಗ್ಸ್‌ನ ಆ್ಯಪ್ಸ್ ಲಿಸ್ಟ್‌ನಲ್ಲಿ ವೆಬ್‌ವ್ಯೂ2ನ ಹುಡುಕಿ ಮಾಡಿಫೈ, ರಿಪೇರ್ ಕೊಡಿ.

ಯಾವುದಕ್ಕೂ ಜಗ್ಗಲಿಲ್ಲ ಅಂದ್ರೆ ಕಂಟ್ರೋಲ್ ಶಿಫ್ಟ್ ಐ ಒತ್ತಿ ನೋಡಿ, ಬ್ಲಾಕ್ ಮಾಡಿಲ್ಲದಿದ್ರೆ ಡೆವಲಪರ್ ಟೂಲ್ಸ್ ತೆರೆಯುತ್ತೆ, ಕನ್ಸೋಲ್ ಟ್ಯಾಬ್‌ನಲ್ಲಿ ಕೆಂಪಗಿರೋ ಸಾಲು ಓದಿ. ನೆಟ್‌ವರ್ಕ್, ಪ್ರಾಕ್ಸಿ ಅಂತಿದ್ರೆ ವಿಪಿಎನ್ ಆಫ್ ಮಾಡಿ ಟ್ರೈ ಮಾಡಿ. ಫೈಲೇ ಸಿಗ್ತಿಲ್ಲ ಅಂತಿದ್ರೆ ಆ್ಯಂಟಿವೈರಸ್‌ನ ಕ್ವಾರಂಟೈನ್ ಲಿಸ್ಟ್ (ಅಪಾಯ ಅಂತ ಅದು ತೆಗೆದಿಟ್ಟ ಫೈಲ್‌ಗಳ ಪಟ್ಟಿ) ನೋಡಿ, ಅಲ್ಲೂ ಇಲ್ಲ ಅಂದ್ರೆ ಈಗ ಧಾರಾಳವಾಗಿ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿ.