ಗೇಟಿನಿಂದ ಬಾಗಿಲವರೆಗೆ: ಟ್ರಿನಿಡಾಡ್‌ನಲ್ಲಿ ನನ್ನ ಅನುಭವ

ಮಣಿಪಾಲ, ಮಂಗಳೂರು ಕಡೆಯಿಂದ ಕೆರಿಬಿಯನ್ ದೇಶಗಳ ಮೆಡಿಕಲ್ ಕಾಲೇಜುಗಳಿಗೆ ಪಾಠ ಮಾಡಲು ಹೋಗುವವರು ಮೊದಲಿಂದಲೂ ಇದ್ದಾರೆ. ನಾನೂ ಹಾಗೇ ಹೋದವಳು. 2022ರ ಆಗಸ್ಟ್‌ನಲ್ಲಿ ಟ್ರಿನಿಡಾಡ್‌ಗೆ ಬಂದೆ. ಮೊದಲ ಏಳು ತಿಂಗಳು ಒಬ್ಬಳೇ ಇದ್ದೆ. ಆಮೇಲೆ ಗಂಡ, ಮಗಳು ಬಂದರು. ಈಗ ನಮ್ಮ ಕಡೆಯವರು ಯಾರಾದರೂ ಇಲ್ಲಿಗೆ ಹೊರಟರೆ ನನಗೊಂದು ಫೋನ್ ಬರುತ್ತದೆ. ಸಂಬಳ, ಮಕ್ಕಳ ಶಾಲೆ, ಅಕ್ಕಿ-ಬೇಳೆ ಸಿಗುತ್ತಾ ಅಂತೆಲ್ಲ ಕೇಳಿದ ಮೇಲೆ ದನಿ ತಗ್ಗಿಸಿ ಕೇಳುವುದು ಒಂದೇ: "ಅಲ್ಲಿ ಭಯ ಏನೂ ಇಲ್ಲ ಅಲ್ವಾ ಮೇಡಂ?"

ಇದೆ. ನಾನು ಸುಳ್ಳು ಹೇಳುವುದಿಲ್ಲ. ಟ್ರಿನಿಡಾಡ್, ಟೊಬ್ಯಾಗೊ ಎರಡೂ ದ್ವೀಪ ಸೇರಿ ಜನಸಂಖ್ಯೆ ಸುಮಾರು 14 ಲಕ್ಷ. ನಮ್ಮ ಉಡುಪಿ ಜಿಲ್ಲೆಗಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಅಷ್ಟು ಸಣ್ಣ ದೇಶದಲ್ಲಿ 2024ರಲ್ಲಿ 600ಕ್ಕೂ ಹೆಚ್ಚು ಕೊಲೆಗಳಾದವು. ನಾನು ಬಂದ ವರ್ಷವೂ ಹೆಚ್ಚುಕಡಿಮೆ ಅಷ್ಟೇ. ಹೆಚ್ಚಿನವು ಬಂದೂಕಿನಿಂದ ಆದವು, ಅದರಲ್ಲೂ ಗ್ಯಾಂಗುಗಳ ಜಗಳವೇ ಜಾಸ್ತಿ. ಹೊರಡುವ ಮೊದಲು ಇದನ್ನೆಲ್ಲ ಓದಿ ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇಲ್ಲಿ ಬಂದು ಇದ್ದ ಮೇಲೆ ಒಂದು ಅರ್ಥವಾಯಿತು. ಬರೀ ಲೆಕ್ಕ ನೋಡಿ ಹೆದರಿದರೆ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ನಮ್ಮಂಥ ಕೆಲಸಕ್ಕೆ ಬಂದವರಿಗೆ ಅಪಾಯ ಬರುವುದು ಎಲ್ಲಿ, ಯಾವ ಹೊತ್ತಿನಲ್ಲಿ ಅಂತ ನೋಡಬೇಕು. ನಾನು ಕಂಡಂತೆ ಅದು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ದಾಟುವ ಸಣ್ಣ ಹೊತ್ತು. ಟ್ಯಾಕ್ಸಿ ಹತ್ತುವಾಗ. ಕಾರಿಂದ ಇಳಿದು ಗೇಟು ತೆಗೆಯುವಾಗ. ನಾನು ಮಾಡಿಕೊಂಡ ಏರ್ಪಾಡೆಲ್ಲ ಆ ಹೊತ್ತನ್ನು ಕಡಿಮೆ ಮಾಡಲಿಕ್ಕೇ.

ಸೂಟ್‌ಕೇಸಿನ ವಿಷಯ ಬೇಗ ಹೇಳಿಬಿಡುತ್ತೇನೆ. ಮಿಲಿಟರಿ ಬಣ್ಣದ, ಹಸಿರು-ಕಂದು ಮಚ್ಚೆಯ ಬಟ್ಟೆ ಇಲ್ಲಿ ಕಾನೂನಿಗೆ ವಿರುದ್ಧ. ಪ್ಯಾಂಟು, ಟೋಪಿ, ಬ್ಯಾಗು, ಮಕ್ಕಳ ಚಡ್ಡಿ ಯಾವುದೂ ಬೇಡ. ನನ್ನ ಗಂಡನ ಒಂದು ಚಡ್ಡಿಯನ್ನು ಕೊನೇ ದಿನ ಪೆಟ್ಟಿಗೆಯಿಂದ ತೆಗೆದಿಟ್ಟೆವು. ಪೆಪ್ಪರ್ ಸ್ಪ್ರೇ ಕೂಡ ತರಬೇಡಿ. ಇಲ್ಲಿ ಪರವಾನಗಿ ಇಲ್ಲದೆ ಅದನ್ನು ಇಟ್ಟುಕೊಳ್ಳುವಂತಿಲ್ಲ. ಹಳದಿ ಜ್ವರದ ಲಸಿಕೆ ಊರಿನಲ್ಲೇ ಹಾಕಿಸಿಕೊಂಡು ಕಾರ್ಡ್ ಜೋಪಾನ ಮಾಡಿ. ಟ್ರಿನಿಡಾಡ್‌ನಿಂದ ಭಾರತಕ್ಕೆ ಮರಳುವಾಗ ಅದನ್ನು ಕೇಳುತ್ತಾರೆ. ಇಲ್ಲದಿದ್ದರೆ ಕ್ವಾರಂಟೈನ್‌ಗೆ ಹಾಕಬಹುದು. ಲಸಿಕೆ ಹಾಕಿಸಿಕೊಂಡು 10 ದಿನ ಕಳೆದ ಮೇಲೆಯೇ ಆ ಕಾರ್ಡಿಗೆ ಬೆಲೆ. ಅಮ್ಮನಿಗೆ ಹುಷಾರಿಲ್ಲ ಅಂತ ಫೋನ್ ಬಂದು ಓಡಿಬರಬೇಕಾದಾಗ ಇದಕ್ಕೆಲ್ಲ ಸಮಯ ಎಲ್ಲಿರುತ್ತದೆ?

ಇನ್ನು ಕರಿಮಣಿ. ಇದನ್ನು ಬರೆಯುವುದು ಸುಲಭವಲ್ಲ. ನಾನು ಬಂದ ವಾರವೇ ಪಕ್ಕದ ಮನೆಯ ಹಿರಿಯ ಹೆಂಗಸು ನನ್ನ ಕೊರಳು ನೋಡಿ, "ಮಗಳೇ, ಇದು ನಿನ್ನ ಮದುವೆಯದ್ದಾ? ಹಾಗಾದರೆ ಮನೆಯೊಳಗೇ ಇರಲಿ" ಅಂದರು. ಅವರೂ ಹಿಂದೂಗಳು. ಅವರ ಹಿರಿಯರು ಕಬ್ಬಿನ ತೋಟದ ಕೂಲಿಗೆ ಬಂದವರು. 1845ರ ಮೇ 30ರಂದು ಮೊದಲ ಹಡಗು ಬಂದು ನಿಂತ ದಿನ ಇಲ್ಲಿ ಇವತ್ತಿಗೂ ಸರ್ಕಾರಿ ರಜೆ. ಚಿನ್ನ ಅಂದರೆ ಏನು, ತಾಳಿ ಅಂದರೆ ಏನು ಅಂತ ಅವರಿಗೆ ನಾನು ಹೇಳಿಕೊಡಬೇಕಿರಲಿಲ್ಲ. ಅವರು ಹೇಳಿದ್ದರಿಂದಲೇ ನಾನು ಕೇಳಿದೆ. ಸರ ಬ್ಯಾಂಕ್ ಲಾಕರ್‌ಗೆ ಹೋಯಿತು. ಊರಿಂದ ತಂದಿದ್ದ ಒಂದಷ್ಟು ಕರಿಮಣಿಯನ್ನು ದಾರದಲ್ಲಿ ಪೋಣಿಸಿ ಎಡಗೈಗೆ ಕಟ್ಟಿಕೊಂಡೆ. ಅಮ್ಮನಿಗೆ ವಿಡಿಯೊ ಕಾಲ್‌ನಲ್ಲಿ ಕೈ ತೋರಿಸಿದಾಗ ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಕೊರಳು ಗಟ್ಟಿ ಇದ್ದರೆ ಸರ ಯಾವಾಗ ಬೇಕಾದರೂ ಹಾಕ್ಕೊಳ್ಳಬಹುದು" ಅಂದರು. ಬೆಂಗಳೂರಿನಲ್ಲಿ ಬೈಕಿನಲ್ಲಿ ಬಂದು ಸರ ಕಿತ್ತುಕೊಂಡು ಹೋಗುವುದನ್ನು ನಾವು ನೋಡಿಲ್ಲವಾ? ಇಲ್ಲಿ ಕಳ್ಳನ ಕೈಯಲ್ಲಿ ಬಂದೂಕು ಇರಬಹುದು, ಅದೇ ವ್ಯತ್ಯಾಸ. ಏನಾದರೂ ಕೇಳಿದರೆ ಕೊಟ್ಟುಬಿಡಬೇಕು, ಎದುರು ಮಾತಾಡಬಾರದು. ಇದನ್ನು ನಾನು ಮಗಳಿಗೂ ಹೇಳಿಕೊಟ್ಟಿದ್ದೇನೆ.

ಟ್ಯಾಕ್ಸಿಯ ಪಾಠ ನನಗೆ ತಪ್ಪು ಮಾಡಿಯೇ ಆಯಿತು. ಇಲ್ಲಿ ಬಾಡಿಗೆ ಗಾಡಿಗಳ ನಂಬರ್ ಪ್ಲೇಟ್ 'ಎಚ್' ಅಕ್ಷರದಿಂದ ಶುರುವಾಗುತ್ತದೆ, ಸ್ವಂತ ಕಾರುಗಳದ್ದು 'ಪಿ' ಅಕ್ಷರದಿಂದ. ಆದರೆ ಸ್ವಂತ ಕಾರನ್ನೇ ಟ್ಯಾಕ್ಸಿಯಂತೆ ಓಡಿಸುವವರು ಬೇಕಾದಷ್ಟು ಜನ. ಅವಕ್ಕೆ ಜನ 'ಪಿಎಚ್' ಅನ್ನುತ್ತಾರೆ. ಬಂದ ಮೂರನೇ ವಾರ, ಟುನಾಪುನಾ ಮಾರ್ಕೆಟ್ ಹತ್ತಿರ ಜೋರು ಮಳೆ. ಒಂದು ಕಾರು ನಿಂತಿತು. ಒಳಗೆ ಆಗಲೇ ಇಬ್ಬರು ಕೂತಿದ್ದರು. "ಸೇಂಟ್ ಅಗಸ್ಟೀನ್?" ಅಂತ ಡ್ರೈವರ್ ಕೇಳಿದ. ನಾನು ಹೋಗಬೇಕಿದ್ದದ್ದೂ ಅಲ್ಲಿಗೇ. ಎಲ್ಲರೂ ಹತ್ತುತ್ತಾರಲ್ಲ ಅಂತ ಹತ್ತಿಬಿಟ್ಟೆ. ಸ್ವಲ್ಪ ದೂರ ಹೋದ ಮೇಲೆ ಆ ಇಬ್ಬರೂ ಒಟ್ಟಿಗೆ ಇಳಿದುಹೋದರು. ಉಳಿದದ್ದು ನಾನು ಮತ್ತು ಡ್ರೈವರ್. ಅವನು ಪಾಪ ಏನೂ ಮಾಡಲಿಲ್ಲ, ಸರಿಯಾಗಿ ತಂದು ಬಿಟ್ಟ. ಆದರೆ ಬಾಗಿಲಿನ ಒಳಗಡೆ ಹಿಡಿ ಎಲ್ಲಿದೆ ಅಂತ ಕತ್ತಲಲ್ಲಿ ಬೆರಳಿನಿಂದ ಹುಡುಕುತ್ತಾ ಕೂತಿದ್ದ ಆ ಐದು ನಿಮಿಷ ನನಗೆ ಇನ್ನೂ ಮರೆತಿಲ್ಲ.

ಮನೆಗೆ ಬಂದು ಪಕ್ಕದ ಮನೆಯವರಿಗೆ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. 2021ರ ಜನವರಿಯಲ್ಲಿ ಅರಿಮಾದ ಕೋರ್ಟಿನಲ್ಲಿ ಗುಮಾಸ್ತೆಯಾಗಿದ್ದ ಯುವತಿಯೊಬ್ಬಳು ಕೆಲಸ ಮುಗಿಸಿ ಮನೆಗೆ ಹೋಗಲು ಕಾರು ಹತ್ತಿದವಳು ವಾಪಸ್ ಬರಲೇ ಇಲ್ಲ. ಆ ಕಾರಿಗಿದ್ದದ್ದು 'ಎಚ್' ಪ್ಲೇಟೇ, ಆದರೆ ಸುಳ್ಳು ಪ್ಲೇಟು. ಕೆಲವು ದಿನಗಳ ನಂತರ ಅವಳ ಶವ ಸಿಕ್ಕಿತು. ಊರೂರಲ್ಲಿ ಜನ ಮೇಣದಬತ್ತಿ ಹಿಡಿದು ಬೀದಿಗೆ ಬಂದರು. ಅದನ್ನು ಹೇಳುವಾಗ ಅವರ ಕಣ್ಣಲ್ಲಿ ನೀರಿತ್ತು. ಆ ಹುಡುಗಿ ಅವರಿಗೆ ಸಂಬಂಧಿಯಲ್ಲ, ಆದರೂ.

ಆವತ್ತಿನಿಂದ ನಾನು ಪ್ಲೇಟು ಒಂದನ್ನೇ ನಂಬುವುದನ್ನು ಬಿಟ್ಟೆ. ಕಾರು ಕೊಳ್ಳುವವರೆಗೆ ಕೆಂಪು ಪಟ್ಟಿಯ ಮ್ಯಾಕ್ಸಿಯಲ್ಲೇ ಓಡಾಡಿದೆ. ಮ್ಯಾಕ್ಸಿ ಅಂದರೆ ನಮ್ಮ ಟೆಂಪೊ ಟ್ರಾವೆಲರ್ ಥರದ ಗಾಡಿ. ಪಟ್ಟಿಯ ಬಣ್ಣ ನೋಡಿದರೆ ಯಾವ ಕಡೆಯದ್ದು ಅಂತ ಗೊತ್ತಾಗುತ್ತದೆ. ಕೆಂಪಿನವು ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನಿಂದ ಪೂರ್ವಕ್ಕೆ, ಹಸಿರಿನವು ಶಗ್ವಾನಸ್, ಸ್ಯಾನ್ ಫರ್ನಾಂಡೊ ಕಡೆಗೆ. ಕೆಂಪು ಮ್ಯಾಕ್ಸಿಗಳು ಬಸ್ಸಿಗೆಂದೇ ಇರುವ ಪ್ರತ್ಯೇಕ ರಸ್ತೆಯಲ್ಲಿ ಓಡುತ್ತವೆ, ಆದ್ದರಿಂದ ದಾರಿ ತಪ್ಪಿಸುವ ಭಯ ಕಡಿಮೆ. ಖಾಲಿ ಮ್ಯಾಕ್ಸಿ ಹತ್ತಲಿಲ್ಲ. ಕತ್ತಲಾದ ಮೇಲೆ ನಿಲ್ದಾಣದಲ್ಲಿ ಕಾಯಲಿಲ್ಲ. ಇಲ್ಲಿ ವರ್ಷವಿಡೀ ಆರು, ಆರೂವರೆಗೆ ಕತ್ತಲಾಗುತ್ತದೆ. ತಡವಾಗುವ ದಿನ ನಮ್ಮ ವಿಭಾಗದವರೆಲ್ಲ ಕರೆಸುವ ಪರಿಚಯದ ಟ್ಯಾಕ್ಸಿಯವರಿಗೆ ಫೋನ್ ಮಾಡುತ್ತಿದ್ದೆ. ದುಡ್ಡು ಜಾಸ್ತಿ ಆಗುತ್ತಿತ್ತು. ಮನೆ ಸೇರಿ ಮೆಸೇಜ್ ಹಾಕಿದಾಗ ಊರಲ್ಲಿ ಅಮ್ಮ ಎದ್ದಿರುತ್ತಿದ್ದರು. ಇಲ್ಲಿ ರಾತ್ರಿ 8 ಅಂದರೆ ಉಡುಪಿಯಲ್ಲಿ ಬೆಳಗಿನ 5.30.

ಆಮೇಲೆ ಹಳೇ ಕಾರೊಂದು ಕೊಂಡೆ. ಇಲ್ಲೂ ನಮ್ಮ ಹಾಗೆ ಎಡಗಡೆಯೇ ಓಡಿಸುವುದು, ಅಭ್ಯಾಸ ಬೇಗ ಆಯಿತು. ಆಗ ಗೇಟಿನ ಚಿಂತೆ ಶುರುವಾಯಿತು. ನಾನು ಹಿಡಿದಿದ್ದ ಮನೆಗೆ ಆಗ ಇದ್ದದ್ದು ಕೈಯಲ್ಲಿ ತಳ್ಳುವ ಗೇಟು. ಕಾರು ನಿಲ್ಲಿಸಿ, ಇಳಿದು, ಬೀಗ ತೆಗೆದು, ಗೇಟು ತಳ್ಳಿ, ಮತ್ತೆ ಕಾರು ಹತ್ತಿ ಒಳಗೆ ತಂದು, ಮತ್ತೆ ಇಳಿದು ಗೇಟು ಹಾಕಿ ಬೀಗ ಹಾಕಬೇಕು. ಅಷ್ಟು ಹೊತ್ತೂ ಕಾರಿನ ಎಂಜಿನ್ ಓಡುತ್ತಿರುತ್ತದೆ, ಬಾಗಿಲು ತೆರೆದಿರುತ್ತದೆ, ನನ್ನ ಬೆನ್ನು ಬೀದಿಗಿರುತ್ತದೆ. ಕಾರು ಕಸಿಯುವವರಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ.

2023ರ ಫೆಬ್ರವರಿಯಲ್ಲಿ ಒಂದು ರಾತ್ರಿ ಮುಖ್ಯ ರಸ್ತೆಯಿಂದ ನಮ್ಮ ಬೀದಿಗೆ ತಿರುಗಿದೆ. ಹಿಂದಿನ ಕಾರೂ ತಿರುಗಿತು. ನಿಧಾನ ಮಾಡಿದೆ, ಅದೂ ನಿಧಾನ ಮಾಡಿತು. ನನ್ನ ಗೇಟು ಬಂತು. ಕಾಲು ಬ್ರೇಕಿನ ಕಡೆಗೆ ಹೋಗುತ್ತಿತ್ತು, ಮನೆ ಸೇರಿದರೆ ಸಾಕು ಅನ್ನಿಸುತ್ತದಲ್ಲ. ಆದರೆ ಪಕ್ಕದ ಮನೆಯವರು ಹೇಳಿದ್ದು ನೆನಪಾಯಿತು: ಯಾರಾದರೂ ಹಿಂದೆ ಬಂದರೆ ನಿನ್ನ ಮನೆ ಯಾವುದು ಅಂತ ಅವರಿಗೆ ತೋರಿಸಬೇಡ. ಗೇಟು ದಾಟಿ ಮುಂದೆ ಹೋದೆ. ಸುತ್ತು ಹಾಕಿ ಮತ್ತೆ ಮುಖ್ಯ ರಸ್ತೆಗೆ ಬಂದೆ. ಅದೂ ಬಂತು. ಜಗಜಗ ದೀಪ ಇರುವ, ನಾಲ್ಕಾರು ಜನ ಇರುವ ಪೆಟ್ರೋಲ್ ಬಂಕಿಗೆ ನುಗ್ಗಿಸಿ ಕಿಟಕಿ ಏರಿಸಿಕೊಂಡೇ ಕೂತೆ. ಆ ಕಾರು ಬಂಕಿನ ಎದುರು ಒಂದು ಕ್ಷಣ ನಿಂತು ಮುಂದೆ ಹೋಯಿತು. ಅವರು ಯಾರು, ಯಾಕೆ ಬಂದರು ಅಂತ ಗೊತ್ತಿಲ್ಲ. ಪರಿಚಯದ ಟ್ಯಾಕ್ಸಿಯವರಿಗೆ ಫೋನ್ ಮಾಡಿದೆ. ಅವರು ಬಂದು ಮನೆಯವರೆಗೆ ನನ್ನ ಹಿಂದೆಯೇ ಕಾರು ಓಡಿಸಿಕೊಂಡು ಬಂದರು, ಬಾಡಿಗೆ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ.

ಮರುದಿನವೇ ಮನೆಯ ಮಾಲೀಕರ ಹತ್ತಿರ ರಿಮೋಟ್ ಗೇಟು ಕೇಳಿದೆ. ಖರ್ಚಿನಲ್ಲಿ ಅರ್ಧ ನಾನು ಹಾಕಿದೆ. ಯಾರಾದರೂ ಹತ್ತಿರ ಬಂದರೆ ತಾನಾಗಿ ಹತ್ತುವ ದೀಪವನ್ನು ಗೇಟಿನ ಮೇಲೆ ಹಾಕಿಸಿದೆ. ಮನೆಗೆ ಬರುವಾಗ ಮೂಲೆಯ ಅಂಗಡಿ ದಾಟುತ್ತಲೇ ಕನ್ನಡಿ ನೋಡುತ್ತೇನೆ, ಬೀದಿ ಖಾಲಿ ಇದ್ದರೆ ಮಾತ್ರ ರಿಮೋಟ್ ಒತ್ತುತ್ತೇನೆ. ಒಳಗೆ ಬಂದ ಮೇಲೂ ಗೇಟು ಪೂರ್ತಿ ಮುಚ್ಚುವವರೆಗೆ ಕಾರಿನ ಬಾಗಿಲು ತೆಗೆಯುವುದಿಲ್ಲ. ಮನೆ ಬೀಗದ ಕೀ ಮೊದಲೇ ಕೈಯಲ್ಲಿರುತ್ತದೆ.

ಇಲ್ಲಿ ಹೆಚ್ಚಿನ ಮನೆಗಳಲ್ಲಿ ಕಿಟಕಿ, ಬಾಗಿಲು, ವರಾಂಡಕ್ಕೆ ಕಬ್ಬಿಣದ ಗ್ರಿಲ್ ಇರುತ್ತದೆ. ಕಳ್ಳ ಒಳಗೆ ಬರುವುದಿಲ್ಲ, ಸರಿ. ಆದರೆ ಬೆಂಕಿ ಬಿದ್ದರೆ ನಾವು ಹೊರಗೆ ಹೋಗುವುದು ಹೇಗೆ? ಇದು ಭೂಕಂಪದ ನಾಡು ಬೇರೆ. 2018ರ ಆಗಸ್ಟ್ 21ರಂದು 7.3 ತೀವ್ರತೆಯ ಭೂಕಂಪವಾಗಿ ದೇಶವೇ ನಡುಗಿತ್ತಂತೆ. ನಮ್ಮ ಹಿಂಬಾಗಿಲಿನ ಗ್ರಿಲ್ ಕೀಯನ್ನು ಗೋಡೆಯ ಮೊಳೆಗೆ ಹಾಕಿದ್ದೇವೆ. ಕಿಟಕಿಯಿಂದ ಕೈ ಹಾಕಿದರೆ ಸಿಗಬಾರದು, ಮಗಳ ಕೈಗೆ ಎಟುಕಬೇಕು. ಅಂಥ ಜಾಗ ಹುಡುಕಲು ಅವಳನ್ನೇ ನಿಲ್ಲಿಸಿ ಅಳೆದೆವು. ಆಗ ಅವಳಿಗೆ ಎಂಟು ವರ್ಷ. ತಿಂಗಳಿಗೊಮ್ಮೆ ದೀಪ ಆರಿಸಿ, ಕೀ ತೆಗೆದು ಗ್ರಿಲ್ ತೆರೆಯುವುದನ್ನು ಅವಳ ಕೈಯಲ್ಲೇ ಮಾಡಿಸುತ್ತೇವೆ.

ಇದೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಯ್ದದ್ದು ನಮ್ಮ ಬೀದಿಯವರು. ಅದನ್ನು ನಾನು ಎದೆ ಮುಟ್ಟಿ ಹೇಳುತ್ತೇನೆ. ಇಲ್ಲಿ ಅಂಗಡಿಗೆ ಹೋಗಲಿ, ಮ್ಯಾಕ್ಸಿ ಹತ್ತಲಿ, ಒಳಗಿರುವ ಎಲ್ಲರಿಗೂ ಕೇಳುವ ಹಾಗೆ 'ಗುಡ್ ಮಾರ್ನಿಂಗ್' ಅನ್ನಬೇಕು. ರಾತ್ರಿ ಎದುರಾದರೆ 'ಗುಡ್ ನೈಟ್'. ಅದು ಬೀಳ್ಕೊಡುವ ಮಾತಲ್ಲ, ನಮಸ್ಕಾರದ ಮಾತು. ನಾನು ಮೊದಲ ತಿಂಗಳು ಭಯಕ್ಕೆ ತಲೆ ತಗ್ಗಿಸಿ ಯಾರ ಮುಖವನ್ನೂ ನೋಡದೆ ನಡೆಯುತ್ತಿದ್ದೆ. ಅದನ್ನು ಇಲ್ಲಿಯವರು ಸೊಕ್ಕು ಅಂದುಕೊಳ್ಳುತ್ತಾರೆ. ಮುಖ ಎತ್ತಿ ಮಾತಾಡಿಸಲು ಶುರು ಮಾಡಿದ ಮೇಲೆ ಬೀದಿಗೆ ನಾನು ಯಾರು ಅಂತ ಗೊತ್ತಾಯಿತು. ಡಬಲ್ಸ್ ಮಾರುವವರು, ಅಂದರೆ ಕಡಲೆ ತುಂಬಿದ ಮೆತ್ತನೆ ರೊಟ್ಟಿ ಮಾರುವವರು, "ನಿನ್ನೆ ಕಾಣಲಿಲ್ಲ, ಹುಷಾರಿದ್ದೀರಾ?" ಅಂತ ಕೇಳತೊಡಗಿದರು. ನಾವಿಲ್ಲದಾಗ ಗೇಟಿನ ಹತ್ತಿರ ಯಾರೋ ಸುಳಿದಾಡಿದರೆ ನನಗೆ ಫೋನ್ ಬರುತ್ತದೆ.

ಪಕ್ಕದ ಮನೆಯ ಅಂಗಳದಲ್ಲಿ ಬಿದಿರ ಗಳುಗಳ ತುದಿಗೆ ಬಣ್ಣಬಣ್ಣದ ಬಾವುಟಗಳಿವೆ. ಪೂಜೆ ಮಾಡಿಸಿದಾಗ ನೆಡುವ ಝಂಡಿ. ಆ ಮನೆಯ ಹಿರಿಯ ಹೆಂಗಸನ್ನು ಮೊಮ್ಮಕ್ಕಳು 'ಆಜಿ' ಅನ್ನುತ್ತಾರೆ. ಮಗಳಿಗೆ ಅದು ಸೀದಾ 'ಅಜ್ಜಿ' ಅಂತಲೇ ಕೇಳಿಸಿತು. ಈಗ ಅವರು ಅವಳಿಗೂ ಅಜ್ಜಿ. ಅವರ ಹತ್ತಿರ ನನ್ನ ಟೈಮ್‌ಟೇಬಲ್ ಇದೆ, ನನ್ನ ಹತ್ತಿರ ಅವರ ಬಿಪಿ ಮಾತ್ರೆಯ ಪಟ್ಟಿ ಇದೆ. ರಾತ್ರಿ ಎರಡೂ ಮನೆಯವರು ಮಲಗುವ ಮೊದಲು ಎಲ್ಲ ಸರಿ ಇದೆ ಅನ್ನುವ ಗುರುತಿಗೆ ವರಾಂಡದ ದೀಪವನ್ನು ಎರಡು ಸಲ ಹಾಕಿ ಆರಿಸುತ್ತೇವೆ.

2024ರ ಡಿಸೆಂಬರ್ 30ರಂದು ಸರ್ಕಾರ ತುರ್ತು ಪರಿಸ್ಥಿತಿ ಹೇರಿದಾಗ ಊರಿಂದ ಒಂದೇ ಸಮನೆ ಫೋನ್. ಕರ್ಫ್ಯೂ ಇರಲಿಲ್ಲ. ವಾರಂಟ್ ಇಲ್ಲದೆ ಹುಡುಕುವ, ಹಿಡಿಯುವ ಅಧಿಕಾರ ಪೊಲೀಸರಿಗೂ ಸೈನಿಕರಿಗೂ ಬಂದಿತ್ತು. ನಾವು ಗುರುತಿನ ಚೀಟಿ, ವರ್ಕ್ ಪರ್ಮಿಟ್ ನಕಲು ಜೊತೆಗಿಟ್ಟುಕೊಂಡು ಎಂದಿನಂತೆ ಕೆಲಸಕ್ಕೆ ಹೋದೆವು. ಪೋರ್ಟ್ ಆಫ್ ಸ್ಪೇನ್‌ನಲ್ಲಿರುವ ಭಾರತದ ಹೈಕಮಿಷನ್‌ನಲ್ಲಿ ಹೆಸರು, ವಿಳಾಸ ಮೊದಲೇ ಬರೆಸಿದ್ದೆ. ಫ್ರಿಜ್ ಮೇಲೆ ದೊಡ್ಡ ಅಂಕಿಯಲ್ಲಿ ಬರೆದಿಟ್ಟಿದ್ದೇನೆ: ಪೊಲೀಸ್ 999, ಆಂಬುಲೆನ್ಸ್ 811, ಬೆಂಕಿಗೆ 990.

ಕಡಲಿನ ಮಾತು ಒಂದಿದೆ. ನಾನು ಮಲ್ಪೆ ಕಡಲು ನೋಡಿ ಬೆಳೆದವಳು. ಮರಾಕಸ್ ಬೀಚಿನಲ್ಲಿ ಆ ಧೈರ್ಯ ನಡೆಯುವುದಿಲ್ಲ. ಅಲೆ ವಾಪಸ್ ಹೋಗುವಾಗ ಒಳಗೆಳೆಯುವ ಸೆಳೆತ ಬಹಳ ಜೋರು. ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಿರಿ, ಲೈಫ್‌ಗಾರ್ಡ್‌ಗಳು ಹೋದ ಮೇಲೆ ನೀರಿಗೆ ಹೋಗಬೇಡಿ.

ಹೋದ ತಿಂಗಳು ಧಾರವಾಡದ ಕಡೆಯ ಹುಡುಗಿಯೊಬ್ಬಳು ನಮ್ಮ ವಿಭಾಗಕ್ಕೆ ಬಂದಳು. ಬಾಡಿಗೆ ಮನೆ ಸಿಗುವವರೆಗೆ ನಮ್ಮಲ್ಲೇ ಇದ್ದಳು. ಒಂದು ಮನೆ ಅವಳಿಗೆ ಬಹಳ ಹಿಡಿಸಿತು. ಹೊಸ ಬಣ್ಣ, ದೊಡ್ಡ ಅಡುಗೆಮನೆ, ಬಾಡಿಗೆಯೂ ಕಡಿಮೆ. "ಅಕ್ಕಾ, ಇದನ್ನೇ ತಗೋಳ್ಳಾ?" ಅಂದಳು. ನಾನು ಅವಳನ್ನು ಬೀದಿಯಲ್ಲಿ ಕಾರಿನೊಳಗೆ ಕೂರಿಸಿ, ಕೀ ಗೊಂಚಲು ಕೈಗೆ ಕೊಟ್ಟು, ಇಳಿದು ಒಳಗೆ ಹೋಗು ಅಂದೆ. ಗೇಟಿನ ಬೀಗ, ಎಂಟು ಮೆಟ್ಟಿಲು, ಗ್ರಿಲ್ಲಿನ ಬೀಗ, ಆಮೇಲೆ ಬಾಗಿಲು. ಎಷ್ಟು ಹೊತ್ತಾಯಿತು ಅಂತ ಫೋನಿನಲ್ಲಿ ನೋಡಿದೆ. ಒಂದು ನಿಮಿಷ ಐವತ್ತು ಸೆಕೆಂಡ್. ಅವಳು ಮೇಲಿಂದ ನನ್ನ ಮುಖ ನೋಡಿ ಕೀ ವಾಪಸ್ ತಂದುಕೊಟ್ಟಳು. ಅಲ್ಲಿಂದ ಮುಂದಿನ ಮನೆ ನೋಡಲು ಹೊರಟೆವು.