ತುಪ್ಪ: ಮನೆಯಲ್ಲಿ ಕಾಯಿಸೋಣವೇ, ಅಂಗಡಿಯಿಂದ ತರೋಣವೇ?

ತುಪ್ಪದ ಲೆಕ್ಕ ಶುರುವಾಗುವುದು ಹಾಲಿನ ಪ್ಯಾಕೆಟ್‌ನಿಂದ. ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ 3, ಫುಲ್ ಕ್ರೀಮ್ ಹಾಲಿನಲ್ಲಿ ಶೇ 6. ಪ್ಯಾಕೆಟ್ ಮೇಲೆ ‘ಹೋಮೋಜಿನೈಸ್ಡ್’ ಎಂದಿದ್ದರೆ ಕೊಬ್ಬನ್ನು ಸಣ್ಣಗೆ ಒಡೆದು ಹಾಲಿನಲ್ಲೇ ಬೆರೆಸಿರುತ್ತಾರೆ. ಅದರಲ್ಲಿ ದಪ್ಪ ಕೆನೆ ಕಟ್ಟುವುದಿಲ್ಲ. ತುಪ್ಪ ಮಾಡುವುದಾದರೆ ಆ ಹಾಲು ಬೇಡ.

ಒಂದು ಲೀಟರ್ ಫುಲ್ ಕ್ರೀಮ್ ಹಾಲಿನಲ್ಲಿ ಸುಮಾರು 60 ಗ್ರಾಂ ಕೊಬ್ಬು ಇರುತ್ತದೆ. ಅಷ್ಟೂ ಕೆನೆಯಾಗಿ ಸಿಗುವುದಿಲ್ಲ. ನಮ್ಮ ಮನೆಯಲ್ಲಿ 10 ಲೀಟರ್‌ಗೆ 300 ಗ್ರಾಂ ತುಪ್ಪ ಬಂದರೆ ಖುಷಿ. ಅಂದರೆ ತುಪ್ಪಕ್ಕೆಂದೇ ಹಾಲು ಕೊಂಡರೆ ಪೂರ್ತಿ ನಷ್ಟ. ಆದರೆ ಕಾಫಿಗೆ, ಮೊಸರಿಗೆ ದಿನಾ ಹಾಲು ಬಂದೇ ಬರುತ್ತದೆ ಅಲ್ವಾ? ಅದರ ಕೆನೆ ತೆಗೆದಿಟ್ಟರೆ ಸಾಕು, ತುಪ್ಪಕ್ಕೆ ಬೇರೆ ದುಡ್ಡು ಬೇಕಿಲ್ಲ.

ಕೆನೆಯಿಂದ ಬೆಣ್ಣೆಗೆ

ಹಾಲು ಕಾಯಿಸಿ, ಆರಿಸಿ, ರಾತ್ರಿಯಿಡೀ ಅಲುಗಾಡಿಸದೆ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಕೆನೆ ಗಟ್ಟಿಯಾಗಿ ಪದರದಂತೆ ಎದ್ದು ಬರುತ್ತದೆ. ಅದನ್ನು ಸ್ಟೀಲ್ ಡಬ್ಬಿಗೆ ಹಾಕಿ ಫ್ರೀಜರ್‌ನಲ್ಲಿಡಿ. ಬರೀ ಫ್ರಿಜ್‌ನಲ್ಲಿಟ್ಟರೆ ವಾರ ಕಳೆಯುವಷ್ಟರಲ್ಲಿ ಕಹಿ ಬರಬಹುದು.

ಡಬ್ಬಿ ತುಂಬಿದ ಮೇಲೆ ಹೊರಗಿಟ್ಟು, ತಣ್ಣಗಿನ ಬಿಗಿ ಹೋದ ನಂತರ ಎರಡು ಚಮಚ ಮೊಸರು ಬೆರೆಸಿ ಹೆಪ್ಪು ಹಾಕಿ. ಮರುದಿನ ಬೆಳಗಿನ ತಂಪಿನಲ್ಲೇ ಕಡೆಯಿರಿ. ಕಡಗೋಲಿಲ್ಲದಿದ್ದರೆ ಮಿಕ್ಸಿ ಆಗುತ್ತದೆ, ಬಿಟ್ಟು ಬಿಟ್ಟು ತಿರುಗಿಸಬೇಕು. ತಣ್ಣೀರು ಹಾಕಿ, ಏಪ್ರಿಲ್-ಮೇ ಬಿಸಿಲಿದ್ದರೆ ಐಸ್ ತುಂಡು ಹಾಕಿ. ಮೊದಲು ನೊರೆ ಉಬ್ಬುತ್ತದೆ. ಆಮೇಲೆ ಒಮ್ಮೆಲೇ ಮಜ್ಜಿಗೆ ಕೆಳಗಿಳಿದು ಬೆಣ್ಣೆ ಮುದ್ದೆಗಟ್ಟುತ್ತದೆ.

ಬೆಣ್ಣೆಯನ್ನು ತಣ್ಣೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ, ನೀರು ತಿಳಿಯಾಗುವ ತನಕ. ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಮಜ್ಜಿಗೆ ಉಳಿದರೆ ಗಸಿ ಜಾಸ್ತಿ, ತುಪ್ಪಕ್ಕೆ ಹುಳಿ ವಾಸನೆ. ಮೊದಲು ತೆಗೆದ ಮಜ್ಜಿಗೆಯನ್ನು ಮಜ್ಜಿಗೆಹುಳಿಗೆ ಬಳಸಿ.

ಕಾಯಿಸುವುದು

ದಪ್ಪ ತಳದ ಪಾತ್ರೆ ಬೇಕು. ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಉಕ್ಕುತ್ತದೆ. ಉರಿ ಸಣ್ಣಗಿರಲಿ. ಬೆಣ್ಣೆ ಕರಗಿ ಬಿಳಿ ನೊರೆ ಬಂದು ಚಟಪಟ ಸದ್ದು ಶುರುವಾಗುತ್ತದೆ. ಬೆಣ್ಣೆಯಲ್ಲಿರುವ ನೀರು ಹೋಗುವ ಸದ್ದು ಅದು.

ಇಲ್ಲಿಂದ ಮುಂದೆ ಕಿವಿ, ಮೂಗು ಎರಡೂ ಬೇಕು. ಸದ್ದು ತಗ್ಗುತ್ತದೆ. ದೊಡ್ಡ ಗುಳ್ಳೆಗಳು ಹೋಗಿ ಸಣ್ಣ ನೊರೆ ಬರುತ್ತದೆ. ಚಮಚದಿಂದ ನೊರೆ ಸರಿಸಿದರೆ ತಳ ಕಾಣುತ್ತದೆ. ಬಿಳಿ ಗಸಿ ಹೊಂಬಣ್ಣಕ್ಕೆ ತಿರುಗಿ ಘಮ ಎದ್ದ ಕೂಡಲೇ ಒಲೆ ಆರಿಸಿ, ಪಾತ್ರೆಯ ಬಿಸಿಗೆ ಗಸಿ ಇನ್ನೂ ಕೆಂಪಾಗುತ್ತದೆ. ಒಮ್ಮೆ ಫೋನ್ ಬಂತೆಂದು ಎರಡು ನಿಮಿಷ ಆಚೆ ಹೋದೆ. ಗಸಿ ಕಪ್ಪಾಗಿ, ಹತ್ತು ದಿನದ ಕೆನೆಯ ತುಪ್ಪಕ್ಕೆಲ್ಲ ಸೀದ ವಾಸನೆ ಹಿಡಿಯಿತು. ಕೊನೆಗೆ ಒಂದು ವೀಳ್ಯದೆಲೆ ಹಾಕಿ. ಅದು ಗರಿಗರಿಯಾಗುವುದನ್ನು ನೋಡುವುದೇ ಚೆಂದ.

ಸ್ವಲ್ಪ ಆರಿದ ಮೇಲೆ ಒಣಗಿದ ಬಾಟಲಿಗೆ ಸೋಸಿ. ಹರಳು ಹರಳಾಗಿ ಬರಬೇಕೆಂದರೆ ಫ್ರಿಜ್‌ನಲ್ಲಿಡದೆ ನಿಧಾನವಾಗಿ ಆರಲು ಬಿಡಿ. ಒದ್ದೆ ಚಮಚ ಹಾಕಬೇಡಿ. ಗಸಿಗೆ ಬೆಲ್ಲದ ಪುಡಿ ಕಲಸಿ ಮಕ್ಕಳಿಗೆ ಕೊಡಿ. ಚಪಾತಿ ಹಿಟ್ಟಿಗೂ ಸೇರಿಸಬಹುದು.

ಕೊಳ್ಳುವುದಾದರೆ

ಬೆಣ್ಣೆ ತಂದು ಕಾಯಿಸಿದರೆ ಅಗ್ಗವೇ? ಬೆಣ್ಣೆಯಲ್ಲಿ ಕೊಬ್ಬು ಸುಮಾರು ಶೇ 80. ಹಾಗಾಗಿ ಬೆಣ್ಣೆಯ ಬೆಲೆಯನ್ನು 0.8ರಿಂದ ಭಾಗಿಸಿ ನೋಡಿ. ಕೆಜಿಗೆ 560 ರೂಪಾಯಿಯ ಬೆಣ್ಣೆಯಾದರೆ ತುಪ್ಪ 700 ರೂಪಾಯಿ ಬಿದ್ದಂತೆ, ಗ್ಯಾಸ್ ಬೇರೆ. ಹಣ ಉಳಿಯುವುದು ಕಷ್ಟ, ಘಮ ಮಾತ್ರ ಸಿಗುತ್ತದೆ. ಉಪ್ಪಿಲ್ಲದ ಬೆಣ್ಣೆಯನ್ನೇ ತನ್ನಿ.

ಅಂಗಡಿ ತುಪ್ಪದಲ್ಲಿ ಹಾಲಿನ ಕೊಬ್ಬು ಕನಿಷ್ಠ ಶೇ 99.5 ಇರಬೇಕೆಂಬ ನಿಯಮವಿದೆ. ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ, ತಯಾರಿಸಿದ ದಿನ ನೋಡಿ, ಅಗ್‌ಮಾರ್ಕ್ ಮುದ್ರೆ ಇದ್ದರೆ ಇನ್ನೂ ಒಳ್ಳೆಯದು. ಗುರುತಿಲ್ಲದ ಕಡೆ ಬಿಡಿ ತುಪ್ಪ ತರಬೇಡಿ. ಬಿಳಿ ಇದ್ದರೆ ಕಲಬೆರಕೆ ಎಂದು ಹೆದರಬೇಕಿಲ್ಲ. ಎಮ್ಮೆ ತುಪ್ಪ ಬಿಳಿಯೇ, ಹಸುವಿನದು ಹಳದಿ.

ಹಬ್ಬಕ್ಕೆ ಮೈಸೂರು ಪಾಕ್ ಮಾಡುವಾಗ ನಾನೂ ಅಂಗಡಿಯಿಂದಲೇ ತರುತ್ತೇನೆ, ಅಷ್ಟು ಕೆನೆ ಎಲ್ಲಿಂದ ಬರಬೇಕು? ಮನೆಯ ಬಾಟಲಿ ಒಬ್ಬಟ್ಟಿಗೆ, ಮತ್ತೆ ದಿನಾ ಬಿಸಿ ಅನ್ನ ತಿಳಿಸಾರಿಗೆ.